ಹಳದಿ ಎಲೆಯ ಟೊಮೆಟೊ: ಹಸಿವೋ, ರೋಗವೋ, ಹುಟ್ಟುಗುಣವೋ?

ಈ ಬರಹಕ್ಕೆ ನಿಮಿತ್ತವಾದುದು ಎಣ್ಣೆ ಡಬ್ಬಿಯೊಳಗಿನ ಒಂದು ಟೊಮೆಟೊ ಗಿಡ. ಕಳೆದ ಸಲ ಮಳೆ ಹಿಂದೆಗೆದ ಮೇಲೆ ಲೋಣಾವಳೆಯ ನಮ್ಮ ಚಾಳಿನ ಪಡಸಾಲೆಯಲ್ಲಿ ಆರು ಡಬ್ಬಿಗಳನ್ನು ಸಾಲಾಗಿ ಇಟ್ಟು, ಸಂತೆಯಿಂದ ತಂದ ಹಣ್ಣೊಂದನ್ನು ಹಿಂಡಿ, ಅದರ ಬೀಜವನ್ನೇ ಬಿತ್ತಿದ್ದಾಯಿತು. ಐದು ಡಬ್ಬಿಗಳಲ್ಲಿ ಲೋಕದ ಟೊಮೆಟೊ ಗಿಡಗಳಂತೆಯೇ ಹಸುರು ಸಸಿಗಳು ಎದ್ದವು. ಆರನೆಯದು ಮಾತ್ರ ಮೊಳೆತ ದಿನದಿಂದಲೇ ನಿಂಬೆಯ ಸಿಪ್ಪೆಯ ಬಣ್ಣದ್ದು. ಬೀಜದೊಳಗಿಂದ ಮೊದಲು ಹೊರಬರುವ ಜೋಡಿ ಎಲೆಗಳೂ ಹಳದಿ, ಆಮೇಲೆ ಬಂದವೂ ಹಳದಿ. ಆದರೆ ಗಿಡ ಸಾಯಲಿಲ್ಲ. ಉಳಿದವು ಒಂದು ಗೇಣು ಏರಿದರೆ ಇದು ನಾಲ್ಕು ಬೆರಳು ಏರುತ್ತ, ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು.

ಪಡಸಾಲೆಯಲ್ಲಿ ಹಾದುಹೋಗುವವರೆಲ್ಲ ಅದನ್ನು ನೋಡಿ ತಮ್ಮ ತಮ್ಮ ತೀರ್ಪು ಕೊಡತೊಡಗಿದರು. ವಿಜಾಪುರದ ಕಡೆಯಿಂದ ಬಂದ ಗೌಂಡಿಯೊಬ್ಬರು, "ಸರ, ಇದಕ ರೋಗ ಬಿದ್ದೈತ್ರಿ. ಇವತ್ತ ಕಿತ್ತ ಒಗೀರಿ, ಇಲ್ಲಾಂದ್ರ ಉಳದ ಐದೂ ಹೋಗ್ತಾವ" ಎಂದರು. ಹೊಟೇಲಿನ ಗಲ್ಲೆಯ ಮೇಲೆ ಕೂಡುವ ಉಡುಪಿಯ ಗೆಳೆಯರು, "ಕೀಳಬೇಡಿ ಮಾರಾಯ್ರೇ, ಎಷ್ಟು ಚಂದ ಉಂಟು ನೋಡಿ, ಕ್ರೋಟನ್ ಹಾಗೆ ಕಾಣ್ತದೆ" ಎಂದರು. ಒಬ್ಬರು ಊರಲ್ಲಿ ಎಲೆ ಮುರುಟಿ ಇಡೀ ಹೊಲ ಹೋದದ್ದನ್ನು ಕಣ್ಣಾರೆ ಕಂಡವರು. ಇನ್ನೊಬ್ಬರು ಅಂಗಳದಲ್ಲಿ ಬಣ್ಣದೆಲೆಯ ಗಿಡಗಳನ್ನು ಅಕ್ಕರೆಯಿಂದ ಸಾಕಿದ ಮನೆಯವರು. ಇಬ್ಬರ ಮಾತೂ ಅನುಭವದ್ದೇ. ಆದರೆ ಒಂದು ಗಿಡವನ್ನು ಒಮ್ಮೆಗೇ ಕೀಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಬರುವುದಿಲ್ಲವಲ್ಲ!

ಆರು ಡಬ್ಬಿಯ ತೋಟಕ್ಕೆ ಇಷ್ಟು ಪಂಚಾಯಿತಿ ಏಕೆ ಎಂದು ವಾಚಕರು ಕೇಳಬಹುದು. ಹೊಲದಲ್ಲಾದರೆ ಈ ಪ್ರಶ್ನೆಯ ಬೆಲೆ ಬಹಳ ದೊಡ್ಡದು. ನಮ್ಮ ಪುಣೆ ಜಿಲ್ಲೆಯದೇ ಉದಾಹರಣೆ ಇದೆ. ಜುನ್ನರ ತಾಲೂಕಿನ ನಾರಾಯಣಗಾಂವದ ಟೊಮೆಟೊ ಪೇಟೆಯ ಹೆಸರನ್ನು ಕೇಳದವರಿಲ್ಲ. 2020ರ ಬೇಸಗೆಯಲ್ಲಿ ಆ ಸೀಮೆಯಲ್ಲಿಯೂ, ಅಂದಿನ ಅಹಮದನಗರ ಮತ್ತು ನಾಸಿಕ ಜಿಲ್ಲೆಗಳಲ್ಲಿಯೂ ಹಣ್ಣುಗಳು ಸಮನಾಗಿ ಕೆಂಪಗಾಗದೆ ಹಳದಿ, ಹಸುರು, ಕೆಂಪು ಪಟ್ಟೆಪಟ್ಟೆಯಾಗಿ ನಿಂತವು. ರೈತರು ಅದಕ್ಕೆ 'ತಿರಂಗಾ' ಎಂದು ಹೆಸರಿಟ್ಟರು. ಬೀಜ ಕೆಟ್ಟದ್ದೋ, ಬಿಸಿಲು ಹೆಚ್ಚಾದದ್ದೋ, ರೋಗವೋ ತಿಳಿಯದೆ ಕೆಲವರು ಗಿಡಗಳನ್ನೇ ಕಿತ್ತುಹಾಕಿದರು. ಮಾದರಿಗಳು ಹೋದದ್ದು ಬೆಂಗಳೂರಿಗೆ, ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ. ಪರೀಕ್ಷೆಯಲ್ಲಿ ಕಂಡದ್ದು ವೈರಸ್ಸು. ಅದರಲ್ಲಿ ಮುಖ್ಯವಾದದ್ದು ಸೌತೆಯ ಜಾತಿಯ ಬಳ್ಳಿಗಳಿಗೂ ತಗಲುವ ಮೊಸಾಯಿಕ್ ವೈರಸ್ಸು. ಆಗ ಊರೆಲ್ಲ ಕೊರೋನಾದ ಭಯದಲ್ಲಿತ್ತು; ಈ ಹಣ್ಣು ತಿಂದರೆ ಮನುಷ್ಯನಿಗೂ ಏನೋ ಆಗುತ್ತದೆಂಬ ಸುದ್ದಿ ಬೇರೆ ಹಬ್ಬಿತು. ಗಿಡದ ವೈರಸ್ಸು ಮನುಷ್ಯನಿಗೆ ತಗಲುವುದಿಲ್ಲ. ಆದರೆ ಆ ಸುದ್ದಿ ಪೇಟೆಗೆ ಮುಟ್ಟಿದ ಮೇಲೆ ರೈತನ ಪಾಡು ಕೇಳುವವರಾರು?

ಆದ್ದರಿಂದ ಬಣ್ಣಗೆಟ್ಟ ಗಿಡದ ಮುಂದೆ ಕೇಳಬೇಕಾದ ಪ್ರಶ್ನೆಗಳು ಮೂರು. ಇದು ಹಸಿದಿದೆಯೇ? ಇದಕ್ಕೆ ರೋಗ ತಗಲಿದೆಯೇ? ಇಲ್ಲವೆ ಇದು ಹುಟ್ಟಿದ್ದೇ ಹೀಗೆಯೇ? ಮೊದಲನೆಯದಕ್ಕೆ ಊಟ ಹಾಕಬೇಕು, ಎರಡನೆಯದನ್ನು ತಡಮಾಡದೆ ಕೀಳಬೇಕು, ಮೂರನೆಯದನ್ನು ಉಳಿಸಿ ಬೀಜ ಹಿಡಿಯಬೇಕು. ಕಣ್ಣಿಗೆ ಮೂರೂ ಹಳದಿಯೇ, ಅದೇ ತೊಡಕು.

ಎಲೆ ಹಸುರಾಗಿರುವುದು ಪತ್ರಹರಿತ್ತು ಎಂಬ ದ್ರವ್ಯದಿಂದ. ಎಲೆಯ ಒಂದೊಂದು ಕೋಶದಲ್ಲಿಯೂ ಕಣ್ಣಿಗೆ ಕಾಣದ ಹಸುರು ಕಣಗಳಿವೆ; ಗಿಡದ ಅಡುಗೆಮನೆ ಎಂದರೆ ಅವೇ. ಬಿಸಿಲೇ ಉರಿ, ಗಾಳಿಯೂ ನೀರೂ ಸಾಮಾನು, ಸಕ್ಕರೆಯೇ ಅಡುಗೆ. ಆ ಪತ್ರಹರಿತ್ತಿನ ನಟ್ಟನಡುವೆ ಮೆಗ್ನೀಸಿಯಂ ಕೂತಿರುತ್ತದೆ. ಅದರ ಸುತ್ತಿನ ಕಟ್ಟಿಗೆ ಸಾರಜನಕ ಬೇಕು. ಕಟ್ಟುವ ಕೆಲಸಕ್ಕೆ ಕಬ್ಬಿಣ ಬೇಕು. ಹಸುರಿನ ಪಕ್ಕದಲ್ಲಿ ಹಳದಿ ಮತ್ತು ಕಿತ್ತಳೆ ಬಣ್ಣದ ದ್ರವ್ಯಗಳೂ ಉಂಟು. ಅವು ಸುಮ್ಮನೆ ಅಲಂಕಾರಕ್ಕಲ್ಲ. ಸುಡುಬಿಸಿಲಿಗೆ ಪತ್ರಹರಿತ್ತು ಹಾಳಾಗದಂತೆ ಕೊಡೆ ಹಿಡಿಯುವುದು ಅವೇ. ಹಸುರು ಕಡಿಮೆಯಾದಾಗ ಈ ಹಳದಿ ಮೇಲೆದ್ದು ಕಾಣುತ್ತದೆ. ಹಳದಿ ದ್ರವ್ಯವೂ ಇಲ್ಲವಾದರೆ ಎಲೆ ಬೆಳ್ಳಗಾಗುತ್ತದೆ. ಇಷ್ಟು ನೆನಪಿನಲ್ಲಿದ್ದರೆ ಮುಂದಿನದು ಸುಲಭ.

ಮೊದಲು ಹಸಿವಿನ ಮಾತು. ಲೋಣಾವಳೆಯಲ್ಲಿ ಇದೇ ಹೆಚ್ಚು. ಜೂನಿನಿಂದ ಸಪ್ಟಂಬರದವರೆಗೆ ಇಲ್ಲಿ ಬೀಳುವ ಮಳೆಯ ಪರಿ ಎಲ್ಲರಿಗೂ ಗೊತ್ತಿದ್ದದ್ದೇ. ಭೋರಘಾಟದ ನೆತ್ತಿಯ ಮೇಲಿನ ಈ ಊರಿನ ಮಳೆಯನ್ನು ನಂಬಿಯೇ ಟಾಟಾ ಕಂಪನಿಯವರು ಇಲ್ಲಿ ಕೆರೆಗಳನ್ನು ಕಟ್ಟಿ, ಘಾಟದ ಕೆಳಗಿನ ಖೋಪೋಲಿಯಲ್ಲಿ 1915ರಲ್ಲಿ ವಿದ್ಯುತ್ತು ತೆಗೆಯಲು ಆರಂಭಿಸಿದರು. ಆ ಮಳೆ ಮಣ್ಣಿನೊಳಗಿನ ಸಾರಜನಕವನ್ನು ತೊಳೆದು ಕಣಿವೆಗೆ ಒಯ್ಯುತ್ತದೆ. ಹೊರಗೆ ರಾಶಿ ಬಿದ್ದಿದ್ದ ಮಣ್ಣನ್ನು ದಸರೆಯ ಹೊತ್ತಿಗೆ ಡಬ್ಬಿಗೆ ತುಂಬಿದರೆ ಅದರಲ್ಲಿ ಗಿಡಕ್ಕೆ ಗಂಜಿಯೂ ಇರುವುದಿಲ್ಲ.

ಹಸಿವನ್ನು ಗುರುತಿಸುವ ರೀತಿ ಇದು. ಸಾರಜನಕ ಸಾಲದಾದರೆ ಬುಡದ ಹಳೆಯ ಎಲೆಗಳು ನರಸಹಿತ ಪೂರ್ತಿ ಹಳದಿಯಾಗುತ್ತವೆ; ಗಿಡವು ಹಳೆಯ ಎಲೆಯಿಂದ ಸಾರವನ್ನು ಹಿಂದಕ್ಕೆ ಎಳೆದುಕೊಂಡು ಕುಡಿಗೆ ಕಳಿಸುತ್ತದೆ, ಮನೆಯ ಹಿರಿಯರು ತಮ್ಮ ತುತ್ತನ್ನು ಮಕ್ಕಳಿಗೆ ಕೊಟ್ಟಂತೆ. ಮೆಗ್ನೀಸಿಯಂ ಸಾಲದಾದಾಗಲೂ ಹಳೆಯ ಎಲೆಯೇ ಹಳದಿಯಾಗುವುದು, ಆದರೆ ನರಗಳು ಹಸುರಾಗಿಯೇ ಉಳಿದು ಮೀನಿನ ಎಲುಬಿನಂತೆ ಕಾಣುತ್ತವೆ. ಕಬ್ಬಿಣದ ಕೊರತೆ ಇದಕ್ಕೆ ತಿರುವುಮುರುವು: ಹಳೆಯ ಎಲೆ ಚೆನ್ನಾಗಿರುತ್ತದೆ, ತುದಿಯ ಎಳೆಯ ಎಲೆ ಹಸುರು ನರಗಳನ್ನಷ್ಟೇ ಉಳಿಸಿಕೊಂಡು ಬಿಳುಚುತ್ತದೆ, ಗಿಡದೊಳಗೆ ಕಬ್ಬಿಣವು ಒಂದೆಡೆಯಿಂದ ಇನ್ನೊಂದೆಡೆಗೆ ಸುಲಭವಾಗಿ ಸಾಗದಿರುವುದೇ ಕಾರಣ. ಚಳಿಯಲ್ಲಿ ಎಲೆಯ ಅಡಿಭಾಗ ನೇರಳೆಯಾದರೆ ಹೆದರಬೇಡಿ. ಮಣ್ಣು ತಣ್ಣಗಾಗಿ ಬೇರು ರಂಜಕವನ್ನು ಎಳೆದುಕೊಳ್ಳಲಾರದಾಗಿದೆ ಎಂದು ಅರ್ಥ. ಬಿಸಿಲು ಬಲಿತ ಮೇಲೆ ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ.

ನಮ್ಮ ಆರು ಡಬ್ಬಿಗಳಲ್ಲಿಯೇ ಇದರ ನಿದರ್ಶನ ಸಿಕ್ಕಿತು. ಹಸುರಾಗಿ ಹುಟ್ಟಿದ ಐದರಲ್ಲಿ ಒಂದು, ಹೂಬಿಡುವ ಹೊತ್ತಿಗೆ ತುದಿಯಲ್ಲಿ ಬಿಳುಚತೊಡಗಿತು. ಗೌಂಡಿಯವರು "ನಾ ಹೇಳಿದ್ದಿಲ್ರಿ? ಅಂಟಿತು ನೋಡ್ರಿ" ಎಂದು ಮುಖ ಸಣ್ಣದು ಮಾಡಿದರು. ಆಮೇಲೆ ವಿಚಾರಿಸಿದರೆ, ಆ ಡಬ್ಬಿಯಲ್ಲಿ ಗೋಡೆಗೆ ಹಚ್ಚುವ ಸುಣ್ಣ ಕಲಸಿದ್ದವರು ಅವರೇ! ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿಯನ್ನು ಒಂದು ಲೀಟರ ನೀರಿಗೆ ಚಮಚೆಯಷ್ಟು ಕರಗಿಸಿ, ಒಂದು ಎಲೆಯ ಅರ್ಧಕ್ಕೆ ಮಾತ್ರ ಹತ್ತಿಯಿಂದ ಸವರಿ ಬಿಟ್ಟೆವು. ಕೆಲವು ದಿನಗಳಲ್ಲಿ ಸವರಿದ ಅರ್ಧ ಹಸುರೇರಿತು, ಉಳಿದರ್ಧ ಹಾಗೆಯೇ ಇತ್ತು. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಮೆಗ್ನೀಸಿಯಂ ಸಂಶಯವಿದ್ದರೆ ಅನ್ನಭೇದಿಯ ಬದಲು ಔಷಧದ ಅಂಗಡಿಯ ಎಪ್ಸಮ್ ಉಪ್ಪನ್ನು ಇದೇ ಅಳತೆಯಲ್ಲಿ ಎಲೆಗೆ ಚಿಮುಕಿಸಬಹುದು. ಆರನೆಯ ಗಿಡಕ್ಕೂ ಎರಡನ್ನೂ ಮಾಡಿ ನೋಡಿದ್ದಾಯಿತು. ಅದರ ಹಳದಿ ಕದಲಲಿಲ್ಲ.

ಎರಡನೆಯ ಸಂಶಯ ರೋಗ. ಟೊಮೆಟೊದ ಎಲೆ ಮುರುಟು ರೋಗವನ್ನು ನಮ್ಮ ದೇಶದ ವಿಜ್ಞಾನಿಗಳು 1948ರಲ್ಲಿಯೇ ದಾಖಲಿಸಿದ್ದರು. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿ ನೊಣ. ಎಲೆ ಅಲುಗಿಸಿದರೆ ಹಿಟ್ಟು ಹಾರಿದಂತೆ ಏಳುತ್ತದಲ್ಲ, ಅದು. ಎಲೆ ಚಿಕ್ಕದಾಗಿ, ದೊನ್ನೆಯಂತೆ ಮೇಲಕ್ಕೆ ಮುದುಡಿ, ಅಂಚು ಹಳದಿಯಾಗಿ, ಗಿಡ ಪೊದೆಯಂತೆ ಗಿಡ್ಡಾಗುತ್ತದೆ, ಹೂವು ಉದುರುತ್ತದೆ. ಕೋಲಾರ, ಬೆಂಗಳೂರು ಕಡೆಯ ಬೇಸಗೆ ಬೆಳೆಗೆ ಇದು ದೊಡ್ಡ ಶತ್ರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಇದನ್ನು ತಾಳಿಕೊಳ್ಳುವ ಸಂಕ್ರಾಂತಿ, ನಂದಿ, ವೈಭವ್ ಎಂಬ ತಳಿಗಳನ್ನು ಹೊರತಂದರು. ಹೆಸರಘಟ್ಟದವರ ಅರ್ಕಾ ರಕ್ಷಕ್ ಎಂಬ ಸಂಕರ ತಳಿ ಇದರೊಡನೆ ಇನ್ನೆರಡು ರೋಗಗಳನ್ನೂ ತಡೆಯುತ್ತದೆ. ರೋಗ ಬಂದ ಗಿಡಕ್ಕೆ ಮಾತ್ರ ಮದ್ದಿಲ್ಲ. ಕಿತ್ತು, ಚೀಲದಲ್ಲಿ ಕಟ್ಟಿ, ದೂರ ಹಾಕುವುದೊಂದೇ ದಾರಿ.

ಇನ್ನೊಂದು ರೋಗ ಮೊಸಾಯಿಕ್. ಇದರಲ್ಲಿ ಎಲೆಯ ಮೇಲೆ ತಿಳಿಹಸುರು, ಕಡುಹಸುರು ತೇಪೆ ಹಚ್ಚಿದಂತೆ ಕಾಣುತ್ತದೆ; ತಿಳಿಯದವರು 'ಬಣ್ಣದೆಲೆಯ ತಳಿ' ಎಂದು ಮೋಸಹೋಗುವುದು ಇಲ್ಲಿಯೇ. ಇದರ ಒಂದು ಬಗೆ ತಂಬಾಕಿನದು. ಒಣಗಿದ ತಂಬಾಕಿನಲ್ಲಿಯೂ, ಬೀಡಿಯಲ್ಲಿಯೂ ಆ ವೈರಸ್ಸು ಬಹುಕಾಲ ಸಾಯದೆ ಕೂತಿರಬಲ್ಲದು. ನಿಪ್ಪಾಣಿಯ ತಂಬಾಕನ್ನು ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿ, ಅದೇ ಕೈಯಿಂದ ಟೊಮೆಟೊದ ಕಂಕುಳ ಕುಡಿಯನ್ನು ಚಿವುಟಿದರೆ, ನಾವೇ ಬಿಳಿ ನೊಣದ ಕೆಲಸ ಮಾಡಿದಂತಾಯಿತು. ವಾಚನಾಲಯದ ಗೆಳೆಯರಲ್ಲಿ ಈ ಚಟದವರು ಕಡಿಮೆ ಇಲ್ಲವಾದ್ದರಿಂದ ಹೇಳಬೇಕಾಯಿತು: ಗಿಡ ಮುಟ್ಟುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ.

ರೋಗವನ್ನು ಚೆಲುವೆಂದು ಭ್ರಮಿಸುವುದು ಹೊಸದೇನಲ್ಲ. 1630ರ ದಶಕದಲ್ಲಿ ಹಾಲೆಂಡಿನ ಶ್ರೀಮಂತರು ಬಿಳಿಯ ಮೇಲೆ ಕೆಂಪು ಜ್ವಾಲೆ ಎಳೆದಂಥ ಟ್ಯೂಲಿಪ್ ಹೂವಿಗೆ ಹುಚ್ಚು ಬೆಲೆ ಕೊಟ್ಟು, 1637ರಲ್ಲಿ ಆ ವ್ಯಾಪಾರ ಮುರಿದುಬಿದ್ದಿತು. ಆ ಜ್ವಾಲೆ ಸಸ್ಯಹೇನು ತಂದ ವೈರಸ್ಸಿನದೆಂದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಇನ್ನೂ ಹಿಂದಕ್ಕೆ, ಕ್ರಿ. ಶ. 752ರಲ್ಲಿ ಜಪಾನಿನ ಚಕ್ರವರ್ತಿನಿ ಕೋಕೆನ್, ಬೇಸಗೆಯಲ್ಲಿಯೇ ಗಿಡವೊಂದರ ಎಲೆಗಳು ಹಳದಿಯಾದುದನ್ನು ಕಂಡು ಕವಿತೆ ಕಟ್ಟಿದಳು. ಆಕೆ ಕಂಡದ್ದು ಯುಪಟೋರಿಯಂ ಗಿಡದ ವೈರಸ್ಸು ರೋಗವೆಂದೂ, ಆ ವೈರಸ್ಸು ನಮ್ಮ ಟೊಮೆಟೊದ ಎಲೆ ಮುರುಟಿನ ಕುಲದ್ದೇ ಎಂದೂ ವಿಜ್ಞಾನಿಗಳು ತೋರಿಸಿದ್ದಾರೆ. ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಅರಮನೆಯ ತೋಟದಲ್ಲಿಯೂ ಗೌಂಡಿಯವರಂಥ ಒಬ್ಬರು "ಕಿತ್ತ ಒಗೀರಿ" ಎಂದಿದ್ದರೋ ಏನೋ!

ರೋಗಕ್ಕೂ ಹುಟ್ಟುಗುಣಕ್ಕೂ ಇರುವ ಅಂತರ ಕಾಲದಲ್ಲಿದೆ. ರೋಗಕ್ಕೆ ಒಂದು ತಾರೀಖು ಇರುತ್ತದೆ: ನಿನ್ನೆಯವರೆಗೆ ಚೆನ್ನಾಗಿದ್ದ ಗಿಡ ಇಂದಿನಿಂದ ಕೆಡುತ್ತದೆ, ಎಲೆಯ ಆಕಾರವೂ ಕೆಡುತ್ತದೆ, ಹತ್ತು ಹದಿನೈದು ದಿನಗಳಲ್ಲಿ ನೆರೆಯ ಗಿಡಕ್ಕೂ ದಾಟುತ್ತದೆ. ಹುಟ್ಟುಗುಣ ಹೆಚ್ಚಾಗಿ ಸಸಿಯಿಂದಲೇ ಕಾಣುತ್ತದೆ, ಬಣ್ಣ ಬೇರೆಯಾದರೂ ಎಲೆಯ ಕಟ್ಟಡ ಸರಿಯಾಗಿರುತ್ತದೆ, ನೆರೆಗೆ ದಾಟುವುದಿಲ್ಲ. ನಮ್ಮ ಆರನೆಯ ಗಿಡದ ಎಲೆ ಅಗಲವಾಗಿ, ಸೊಟ್ಟಗಾಗದೆ, ಹುಟ್ಟಿನಿಂದ ಒಂದೇ ಬಣ್ಣವಾಗಿತ್ತು. ಪಕ್ಕದವು ಎರಡು ತಿಂಗಳಾದರೂ ಹಸುರಾಗಿಯೇ ಇದ್ದವು. ಸುಣ್ಣದ ಡಬ್ಬಿಯ ಕಥೆ ಬೇರೆ.

ಇನ್ನು ಮೂರನೆಯದು. ವಿಜ್ಞಾನದ ಪುಸ್ತಕಗಳಲ್ಲಿ ಇದಕ್ಕೆ ಉತ್ಪರಿವರ್ತನೆ ಎಂಬ ಭಾರದ ಹೆಸರಿದೆ. ಕಚೇರಿಯಲ್ಲಿ ಕಾಗದ ನಕಲು ಮಾಡುವ ನಮ್ಮ ಗೆಳೆಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಗಿಡದ ಒಂದೊಂದು ಕೋಶದಲ್ಲಿಯೂ ಗಿಡವನ್ನು ಕಟ್ಟುವ ಅಪ್ಪಣೆಗಳ ದಫ್ತರವಿದೆ. ಟೊಮೆಟೊದಲ್ಲಿ ಅದು ಹನ್ನೆರಡು ಜೋಡಿ ವರ್ಣತಂತುಗಳ ಮೇಲೆ, ಸುಮಾರು 35,000 ಅಪ್ಪಣೆಗಳಾಗಿ ಬರೆದಿದೆ. ಹಲವು ದೇಶಗಳು ಕೂಡಿ ಅದನ್ನು ಓದಿ ಮುಗಿಸಿ 2012ರಲ್ಲಿ ಪ್ರಕಟಿಸಿದವು; ಐದನೆಯ ವರ್ಣತಂತುವನ್ನು ಓದುವ ಕೆಲಸ ಭಾರತದ ಪಾಲಿಗೆ ಬಂದಿತ್ತು. ಕೋಶ ಒಡೆದು ಎರಡಾಗುವಾಗಲೆಲ್ಲ ಇಡೀ ದಫ್ತರದ ನಕಲಾಗಬೇಕು. ನಕಲಿನಲ್ಲಿ ಎಲ್ಲೋ ಒಂದಕ್ಷರ ತಪ್ಪುತ್ತದೆ. ತಪ್ಪಿದ ಅಪ್ಪಣೆ ಪತ್ರಹರಿತ್ತಿಗೆ ಸಂಬಂಧಿಸಿದ್ದಾದರೆ ಎಲೆಯ ಬಣ್ಣ ಬೇರೆಯಾಗುತ್ತದೆ. ಆದರೆ ಪ್ರತಿ ಅಪ್ಪಣೆಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪ್ರತಿಗಳಿರುವುದರಿಂದ, ಒಂದು ತಪ್ಪಿದರೂ ಇನ್ನೊಂದರಿಂದ ಕೆಲಸ ನಡೆಯುತ್ತದೆ. ತಪ್ಪು ಹಲವು ತಲೆಮಾರು ಅಡಗಿಯೇ ಇರಬಹುದು. ಎರಡೂ ಪ್ರತಿಗಳು ತಪ್ಪಿದ್ದೇ ಆದ ಸಸಿ ಹುಟ್ಟಿದಾಗ ಅದು ಬಯಲಿಗೆ ಬರುತ್ತದೆ. ಸಂತೆಯ ಹಣ್ಣು ಬಹುಮಟ್ಟಿಗೆ ಸಂಕರ ತಳಿಯದು. ಅದರ ಬೀಜ ಬಿತ್ತಿದಾಗ ಒಂದೊಂದು ಸಸಿ ಒಂದೊಂದು ಪರಿಯಾಗಿ ಬರುವುದೂ ಇದರಿಂದಲೇ.

ಇಂಥ ತಪ್ಪುಗಳನ್ನು ಹುಡುಕಿ ಕೂಡಿಡುವುದನ್ನೇ ಜೀವನದ ಕೆಲಸ ಮಾಡಿಕೊಂಡವರು ಅಮೆರಿಕದ ಚಾರ್ಲ್ಸ್ ರಿಕ್ (1915–2002). ಕ್ಯಾಲಿಫೋರ್ನಿಯದ ಡೇವಿಸ್ ಊರಿನ ವಿಶ್ವವಿದ್ಯಾಲಯದಲ್ಲಿದ್ದ ಅವರಿಗೆ ಸಹೋದ್ಯೋಗಿಯೊಬ್ಬರು, ಹೊಲದಲ್ಲಿ ಕಾಯಿಬಿಡದೆ ನಿಂತ ಟೊಮೆಟೊ ಗಿಡಗಳನ್ನು ಪರೀಕ್ಷಿಸಬಾರದೇಕೆ ಎಂದರಂತೆ. ಮೊದಲಿಗೆ ರಿಕ್‌ರಿಗೆ ಅದು ಹುಚ್ಚುಮಾತೆನಿಸಿತು. ಆಮೇಲೆ ಹೋಗಿ ನೋಡಿದರೆ, ರೈತ ಶಪಿಸುವ ಆ ಬಂಜೆ ಗಿಡಗಳಲ್ಲಿಯೇ ಅನುವಂಶದ ಭಂಡಾರ ತೆರೆಯಿತು. 1945ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು. ಗಲಪಗಸ್ ದ್ವೀಪಗಳ ಕಾಡು ಟೊಮೆಟೊದ ಬೀಜ ಏನು ಮಾಡಿದರೂ ಸರಿಯಾಗಿ ಮೊಳೆಯದಿರಲು, ಅಲ್ಲಿಯ ದೈತ್ಯ ಆಮೆಗೆ ಹಣ್ಣು ತಿನ್ನಿಸಿ, ಹೊಟ್ಟೆಯಿಂದ ಹಾದುಬಂದ ಬೀಜವನ್ನು ಬಿತ್ತಿ ಮೊಳಕೆ ಕಂಡವರೂ ಅವರೇ. ಇದು 1961ರ ಮಾತು. ಅವರ ಹೆಸರಿನ ಬೀಜ ಭಂಡಾರ ಡೇವಿಸಿನಲ್ಲಿದೆ. ಒಂದೊಂದೇ ಅಪ್ಪಣೆ ತಪ್ಪಿದ ಸಾವಿರಕ್ಕೂ ಹೆಚ್ಚು ಬಗೆಯ ಟೊಮೆಟೊಗಳು ಅಲ್ಲಿ ಉಳಿದುಬಂದಿವೆ.

ಅವುಗಳಲ್ಲಿ ಬಣ್ಣದೆಲೆಯ ನಾಲ್ಕಾರನ್ನು ಪರಿಚಯಿಸಬೇಕು. ಸಾಧಾರಣ ಟೊಮೆಟೊ ಸಸಿಯ ಕಾಂಡ ಬುಡದಲ್ಲಿ ನಸುನೇರಳೆ. ನಿಮ್ಮ ಡಬ್ಬಿಯಲ್ಲಿಯೇ ಬಗ್ಗಿ ನೋಡಿ. ಆ ನೇರಳೆ ದ್ರವ್ಯ ಕಟ್ಟಲಾರದ ಬಗೆಯ ಸಸಿ ಬುಡದಿಂದ ತುದಿಯವರೆಗೆ ಹಸುರು. ನೋಡಲು ಅಷ್ಟೇನೂ ವಿಶೇಷವಲ್ಲ, ಆದರೆ ಬೀಜ ಬೆಳೆಸುವವರಿಗೆ ಬಹಳ ಉಪಯೋಗದ್ದು: ಹಸುರು ಕಾಂಡದ ತಾಯಿಗಿಡಕ್ಕೆ ನೇರಳೆ ಕಾಂಡದ ತಂದೆಯ ಪರಾಗ ಹಚ್ಚಿದಾಗ, ಮಿಶ್ರಣ ನಿಜವಾಗಿ ಆಗಿದ್ದರೆ ಸಸಿ ನೇರಳೆ ಕಾಂಡದ್ದಾಗುತ್ತದೆ, ಹಸುರಾದದ್ದನ್ನು ಮೊಳಕೆಯಲ್ಲಿಯೇ ಕಿತ್ತು ಬಿಸಾಡಬಹುದು.

'ಆರಿಯಾ' ಎಂಬುದು ಹೊಂಬಣ್ಣದ್ದು. ಅದರ ತೊಡಕು ನೇರವಾಗಿ ಹಸುರಿನದಲ್ಲ. ಗಿಡಕ್ಕೆ ಕೆಂಬೆಳಕನ್ನು ಗುರುತಿಸುವ ಫೈಟೋಕ್ರೋಮ್ ಎಂಬ ಕಣ್ಣು ಇದೆ. ಅದರ ಬಣ್ಣದ ತುಣುಕನ್ನು ಆರಿಯಾ ಸರಿಯಾಗಿ ಕಟ್ಟಲಾರದು. ಬಿಸಿಲಲ್ಲಿಯೇ ನಿಂತಿದ್ದರೂ ಸಸಿ ತಾನು ಕತ್ತಲಲ್ಲಿದ್ದೇನೆಂದು ತಿಳಿದು, ನೀಳವಾಗಿ ಬಿಳಿಚಾಗಿ ಎದ್ದು ನಿಲ್ಲುತ್ತದೆ. ಗಿಡಗಳು ಬೆಳಕನ್ನು ಕಾಣುವ ಬಗೆಯನ್ನು ಅರಿಯಲು ಈ ಹಳದಿ ಟೊಮೆಟೊ ಬಹಳ ಸಹಾಯ ಮಾಡಿದೆ.

'ಭೂತ' ಎಂಬ ಹೆಸರಿನದೊಂದಿದೆ. 1959ರಲ್ಲಿ ರಿಕ್ ಮತ್ತು ಜೊತೆಯವರೇ ಅದನ್ನು ವಿವರಿಸಿದರು. ಹಸುರಿನ ನಡುವೆ ಹಾಲು ಚೆಲ್ಲಿದಂತೆ ಬಿಳಿ. ಇದರಲ್ಲಿ ಕೊಡೆ ಹಿಡಿಯುವ ಹಳದಿ ದ್ರವ್ಯ ಆಗುವುದಿಲ್ಲವಾದ್ದರಿಂದ ಬಿಸಿಲಿಗೆ ಪತ್ರಹರಿತ್ತು ಸುಟ್ಟುಹೋಗುತ್ತದೆ. ಮಂದ ಬೆಳಕಿನಲ್ಲಿ ಬೆಳೆಸಿದರೆ ಹಸುರು ಹೆಚ್ಚು, ಸುಡುಬಿಸಿಲಲ್ಲಿ ಬಿಳಿ ಹೆಚ್ಚು. ಅದೇ ಕಾರಣಕ್ಕೆ ಹಣ್ಣೂ ಕೆಂಪಾಗದೆ ಹಳದಿಯ ಹತ್ತಿರ ನಿಲ್ಲುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದದ್ದು 'ಜ್ಯಾಂಥೋಫಿಲಿಕ್' ಎಂಬ ಹಳದಿ. ಇಲ್ಲಿ ತಪ್ಪಿದ ಒಂದೇ ಪ್ರತಿ ಸಾಕು, ಎಲೆ ಹಳದಿಯಾಗುತ್ತದೆ. ಎರಡೂ ತಪ್ಪಿದ್ದರೆ ಸಸಿ ಬದುಕುವುದೇ ಇಲ್ಲ. ಆದ್ದರಿಂದ ಹಳದಿ ಗಿಡದ ಬೀಜ ಬಿತ್ತಿದಾಗ ನಾಲ್ಕರಲ್ಲಿ ಒಂದು ಪಾಲು ಸಸಿ ಸಾಯುತ್ತದೆ, ಎರಡು ಪಾಲು ಹಳದಿ, ಒಂದು ಪಾಲು ಹಸುರು. ಉಳಿದುಕೊಂಡವುಗಳಲ್ಲಿ ಎರಡಕ್ಕೊಂದು. ಎಷ್ಟು ತಲೆಮಾರು ಆರಿಸಿ ಬಿತ್ತಿದರೂ ಪೂರ್ತಿ ಹಳದಿಯ ತಳಿ ಸಿಕ್ಕುವುದಿಲ್ಲ. ಇದೇ ಲೆಕ್ಕವನ್ನು ಜರ್ಮನಿಯ ಎರ್ವಿನ್ ಬೌರ್ 1907ರಲ್ಲಿ ಸ್ನಾಪ್‌ಡ್ರಾಗನ್ ಎಂಬ ಹೂಗಿಡದ ಹಳದಿ ಬಗೆಯಲ್ಲಿ ಕಂಡು, ಕಾಣದ ಒಂದು ಪಾಲು ಮೊಳಕೆಯಲ್ಲಿಯೇ ಸಾಯುತ್ತಿದೆ ಎಂದು ತೋರಿಸಿಕೊಟ್ಟನು.

ತಾಯಿಯಿಂದ ಮಾತ್ರ ಬರುವ ಬಣ್ಣವೂ ಒಂದುಂಟು. ಸಂಜೆಮಲ್ಲಿಗೆ ನಮಗೆಲ್ಲ ಗೊತ್ತು. ಇಲ್ಲಿಯ ಮರಾಠಿ ನೆರೆಯವರು ಅದನ್ನು ಗುಲಬಕ್ಷಿ ಎನ್ನುತ್ತಾರೆ. 1909ರಲ್ಲಿ ಕಾರ್ಲ್ ಕೊರೆನ್ಸ್ ಅದರ ಬಿಳಿ-ಹಸುರು ಎಲೆಯ ಗಿಡವನ್ನು ಪರೀಕ್ಷಿಸಿದನು. ಬಿಳಿ ರೆಂಬೆಯ ಹೂವಿನ ಬೀಜದಿಂದ ಬಿಳಿ ಸಸಿ, ಹಸುರು ರೆಂಬೆಯದರಿಂದ ಹಸುರು ಸಸಿ. ಪರಾಗ ಯಾವ ರೆಂಬೆಯದಾದರೂ ಸರಿಯೇ. ಎಲೆಯೊಳಗಿನ ಹಸುರು ಕಣಗಳಿಗೆ ಸ್ವಂತದ ಒಂದು ಸಣ್ಣ ದಫ್ತರವಿದ್ದು, ದೊಡ್ಡ ಕಂಪನಿಯ ಶಾಖೆ ತನ್ನದೇ ಖಾತೆಪುಸ್ತಕ ಇಟ್ಟುಕೊಂಡಂತೆ, ಅದು ತಾಯಿಯ ಕೈಯಿಂದ ಮಗಳ ಕೈಗೇ ಸಾಗುತ್ತದೆ. ಟೊಮೆಟೊದಲ್ಲಿಯೂ ಹಾಗೆಯೇ.

ಹೆಸರುಗಳು ಸಾಕು, ಮನೆಯಲ್ಲಿ ಮಾಡುವುದೇನು? ಹುಟ್ಟುಗುಣದ ಬಣ್ಣದೆಲೆ ಸಿಕ್ಕಿದರೆ ಅದನ್ನು ಬಡವನ ಮನೆಯ ಕೂಸೆಂದು ತಿಳಿಯಿರಿ. ಅಡುಗೆಮನೆ ಚಿಕ್ಕದು, ಆದ್ದರಿಂದ ದುಡಿಮೆಯೂ ಕಡಿಮೆ. ಬೆಳಗಿನ ಬಿಸಿಲು ಹತ್ತೂವರೆ ಹನ್ನೊಂದರವರೆಗೆ ಬೀಳುವಂತೆ ಇಟ್ಟು, ಆಮೇಲೆ ತೆಳುನೆರಳು ಕೊಡಬೇಕು. ಬಿಳಿಯ ಭಾಗ ಮಧ್ಯಾಹ್ನದ ಬಿಸಿಲಿಗೆ ಕಂದಾಗಿ ಸುಡುತ್ತದೆ. ಡಬ್ಬಿಯ ತಳಕ್ಕೆ ಮೊಳೆಯಿಂದ ಐದಾರು ತೂತು ಇರಲಿ. ಮೆಲ್ಲಗೆ ಬೆಳೆಯುವ ಗಿಡ ನೀರನ್ನೂ ಮೆಲ್ಲಗೆ ಕುಡಿಯುತ್ತದೆ, ಕೆಸರಿನಲ್ಲಿ ಬೇರು ಕೊಳೆಯುತ್ತದೆ. ಹಸುರಾಗಲಿ ಎಂಬ ಆಸೆಯಿಂದ ಗೊಬ್ಬರ ಸುರಿಯಬೇಡಿ, ಅದರ ಹಸುರು ಗೊಬ್ಬರದ ಕೈಯಲ್ಲಿಲ್ಲ. ಎರಡು ಗೊಂಚಲು ಕಾಯಿಗಿಂತ ಹೆಚ್ಚು ಬಿಡಬೇಡಿ. ಇಲ್ಲಿಯ ಮಳೆಗಾಲದಲ್ಲಿ ಇಂಥ ಗಿಡವನ್ನು ಬೆಳೆಸುವ ಸಾಹಸವೇ ಬೇಡ. ಸಪ್ಟಂಬರದ ಕೊನೆಗೆ ಬಿತ್ತಿದರೆ ಆಯಿತು.

ಕೆಲವೊಮ್ಮೆ ಗಿಡವೆಲ್ಲ ಹಸುರಿದ್ದು ಒಂದು ರೆಂಬೆ ಮಾತ್ರ ಬಿಳಿ-ಹಸುರಾಗುತ್ತದೆ. ನಕಲಿನ ತಪ್ಪು ಬೀಜದಲ್ಲಾಗದೆ, ಬೆಳೆಯುವ ಕುಡಿಯ ಒಂದು ಪದರದಲ್ಲಾಗಿದೆ ಎಂದು ಅರ್ಥ. ಅದರ ಬೀಜಕ್ಕೆ ಆ ಬಣ್ಣ ಇಳಿಯಬಹುದು, ಇಳಿಯದಿರಬಹುದು. ಬೀಜವನ್ನು ನಂಬದೆ ಆ ರೆಂಬೆಯ ಗೇಣುದ್ದದ ಕಂಕುಳ ಕುಡಿಯನ್ನು ಕೊಯ್ದು ಒದ್ದೆ ಮಣ್ಣಿಗೆ ಊರಿರಿ. ಟೊಮೆಟೊ ಬಹಳ ಒಳ್ಳೆಯ ಸ್ವಭಾವದ್ದು, ಒಂದೆರಡು ವಾರಗಳಲ್ಲಿ ಬೇರು ಬಿಡುತ್ತದೆ. ಆಮೇಲೆ ಅದರಲ್ಲಿ ಪೂರ್ತಿ ಹಸುರು ಕುಡಿ ಎದ್ದರೆ ಚಿವುಟುತ್ತಿರಬೇಕು. ಹಸುರು ಕುಡಿ ಹೆಚ್ಚು ದುಡಿಯುವುದರಿಂದ ಬೇಗ ಬೆಳೆದು ಬಣ್ಣದ ಕುಡಿಯನ್ನು ಮುಚ್ಚಿಬಿಡುತ್ತದೆ.

ಕೊನೆಯ ತೀರ್ಪು ಬೀಜದ್ದು. ಟೊಮೆಟೊದ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಆದ್ದರಿಂದ ನೆರೆಯ ಗಿಡದ ಬೆರಕೆಯ ಭಯ ಕಡಿಮೆ. ಚೆನ್ನಾಗಿ ಹಣ್ಣಾದದ್ದನ್ನು ಲೋಟದಲ್ಲಿ ಹಿಂಡಿ, ತುಸು ನೀರು ಹಾಕಿ ಎರಡು ಮೂರು ದಿನ ಹುಳಿಯಲು ಬಿಟ್ಟರೆ ಬೀಜದ ಸುತ್ತಿನ ಲೋಳೆ ಬಿಡುತ್ತದೆ. ತೊಳೆದು, ನೆರಳಲ್ಲಿ ತಟ್ಟೆಯ ಮೇಲೆ ಒಣಗಿಸಿ ಕಾಗದದಲ್ಲಿ ಕಟ್ಟಿಡಿ. ಬಿತ್ತುವಾಗ ಇಪ್ಪತ್ತು ಮೂವತ್ತು ಬೀಜಕ್ಕೆ ಕಡಿಮೆ ಬೇಡ. ನಾಲ್ಕೇ ಬೀಜ ಬಿತ್ತಿ ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ. ಸಸಿಗಳೆಲ್ಲ ಹಳದಿಯಾದರೆ ತಪ್ಪು ಅಡಗಿ ಬಂದದ್ದು, ಎರಡೂ ಪ್ರತಿಗಳಲ್ಲಿದೆ. ಇನ್ನು ಅದು ನಿಮ್ಮ ಸ್ವಂತ ತಳಿ. ಕೆಲವು ಸತ್ತು, ಉಳಿದವುಗಳಲ್ಲಿ ಎರಡು ಪಾಲು ಹಳದಿ, ಒಂದು ಪಾಲು ಹಸುರಾದರೆ ಬೌರನ ಲೆಕ್ಕ. ಎಲ್ಲ ಹಸುರಾದರೆ ಅದು ವಂಶಕ್ಕೆ ಸೇರಿದ್ದಲ್ಲ; ಮಣ್ಣಿನದೋ, ಇನ್ನಾವುದೋ ಕಾರಣ ನಮ್ಮ ಕಣ್ಣು ತಪ್ಪಿಸಿತು.

ನಮ್ಮ ಆರನೆಯ ಗಿಡ ಫೆಬ್ರುವರಿಯ ತನಕ ಬದುಕಿ, ಅಡಿಕೆಗಿಂತ ತುಸು ದೊಡ್ಡವಾದ ಕೆಲವೇ ಹಣ್ಣುಗಳನ್ನು ಕೊಟ್ಟಿತು. ಒಂದನ್ನು ಗೌಂಡಿಯವರು ಅನುಮಾನದಿಂದಲೇ ಬಾಯಿಗೆ ಹಾಕಿಕೊಂಡು, "ರುಚಿ ಏನ ಕೆಟ್ಟಿಲ್ರಿ" ಎಂದರು. ಉಳಿದವುಗಳ ಬೀಜ ನಾಲ್ಕು ಪೊಟ್ಟಣಗಳಾಗಿ ವಾಚನಾಲಯದ ಕಪಾಟಿನಲ್ಲಿ, ಪತ್ರಿಕೆಗಳ ಹಳೆಯ ಸಂಚಿಕೆಗಳ ಪಕ್ಕದಲ್ಲಿವೆ. ಒಂದನ್ನು ಗೌಂಡಿಯವರೂ ಒಂದನ್ನು ಉಡುಪಿಯ ಗೆಳೆಯರೂ ಕೇಳಿದ್ದಾರೆ. ಮಿಕ್ಕ ಎರಡನ್ನು ಯಾರಾದರೂ ಒಯ್ಯಬಹುದು. ಗಣಪತಿ ಹಬ್ಬ ಕಳೆದು ಮಳೆ ನಿಂತ ಮೇಲೆ ಬಿತ್ತಿ, ಎಷ್ಟು ಬಿತ್ತಿದಿರಿ, ಎಷ್ಟು ಮೊಳೆತವು, ಎಷ್ಟು ಹಳದಿ, ಎಷ್ಟು ಹಸುರು, ಮೊದಲ ಹದಿನೈದು ದಿನಗಳಲ್ಲಿ ಎಷ್ಟು ಸತ್ತವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಡಬೇಕೆಂದು ಕೋರಿಕೆ. ಡಬ್ಬಿಯಲ್ಲಿ ಮೊದಲು ಸುಣ್ಣವಿತ್ತೇ ಎಂಬುದನ್ನೂ ಬರೆಯಿರಿ.